ವೋಲ್ಟ್ ಎಲ್ಲಿ ಸೋರಿತು?



ಕಿರುತೆರೆಯ ಮೇಲೆ ಚಿತ್ರ ನೆನಪಿನಲ್ಲಿ ಉಳಿಯುತ್ತದೆ, ಲೆಕ್ಕ ಉಳಿಯುವುದಿಲ್ಲ. ಈ ವಿಷಯದಲ್ಲಿ ಲೆಕ್ಕವೇ ಮುಖ್ಯವಾದುದರಿಂದ ಅದನ್ನು ಅಚ್ಚಿನಲ್ಲಿ ಕೊಡುತ್ತಿದ್ದೇವೆ. ಪೆನ್ಸಿಲ್ ಹಿಡಿದುಕೊಂಡೇ ಓದಿ.

ಹೆಗ್ಗಡದೇವನಕೋಟೆಯ ಕಡೆ ಹೋದವರು ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆಯನ್ನು ನೋಡಿರುತ್ತೀರಿ. 1974ರಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ ಸುಮಾರು 19.5 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಅಣೆಕಟ್ಟೆಗೆ ಹೊಂದಿಕೊಂಡು 20 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುದಾಗಾರವೂ ಉಂಟು. ಹೀಗಿರುವಾಗ ಅಣೆಕಟ್ಟೆಯ ಸುತ್ತಲ ಊರುಗಳಲ್ಲಿ ವೋಲ್ಟೇಜ್ ಕೊರತೆ ಎಂಬ ಮಾತೇ ಇರಬಾರದು ಎಂದು ನಿಮಗೆ ತೋರಬಹುದು. ಆದರೆ ವಿದ್ಯುದಾಗಾರದಿಂದ ಪಕ್ಕದ ಮನೆಗೆ ನೇರವಾದ ತಂತಿ ಇರುವುದಿಲ್ಲ. ಅಲ್ಲಿ ಹುಟ್ಟಿದ ವಿದ್ಯುತ್ತು ಹೆಚ್ಚಿನ ವೋಲ್ಟೇಜಿಗೆ ಏರಿ ರಾಜ್ಯದ ಜಾಲವನ್ನು ಸೇರುತ್ತದೆ. ಉಪಕೇಂದ್ರದಲ್ಲಿ ಇಳಿದು, 11 ಸಾವಿರ ವೋಲ್ಟ್‌ನ ಮಾರ್ಗದಲ್ಲಿ ಹಳ್ಳಿಗೆ ಬಂದು, ಊರ ಹೊರಗಿನ ಪರಿವರ್ತಕದಲ್ಲಿ ಮತ್ತೆ ಇಳಿದು, ಕಂಬದಿಂದ ಕಂಬಕ್ಕೆ ಹಾದು ಮನೆಗೆ ಬರುತ್ತದೆ. ಮನೆ ಅಣೆಕಟ್ಟೆಗೆ ಎಷ್ಟು ಹತ್ತಿರ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಪರಿವರ್ತಕದಿಂದ ಎಷ್ಟು ದೂರ ಎಂಬುದು ಬರುತ್ತದೆ.

ಈಚಿನ ವರ್ಷಗಳಲ್ಲಿ ಪೋರ್ಟಬಲ್ ಪವರ್ ಸ್ಟೇಷನ್ ಎಂಬ ಸಾಧನ ಅಂಗಡಿಗಳಿಗೆ ಬಂದಿದೆ. ಕೈಹಿಡಿಕೆ ಇರುವ ಒಂದು ಪೆಟ್ಟಿಗೆ. ಒಳಗೆ ಲಿಥಿಯಂ ಬ್ಯಾಟರಿ, ಅದನ್ನು ತುಂಬುವ ಚಾರ್ಜರ್, 230 ವೋಲ್ಟ್ ಹೊರಡಿಸುವ ಇನ್ವರ್ಟರ್, ಇವೆಲ್ಲವನ್ನೂ ಕಾಯುವ ಒಂದು ಇಲೆಕ್ಟ್ರಾನಿಕ್ ಕಾವಲುಗಾರ. ಈ ಕಾವಲುಗಾರನಿಗೆ ಬಿಎಂಎಸ್ ಎಂದು ಹೆಸರು. ಆನೆ ಬರುವ ಹೊಲಗಳಲ್ಲಿ ರಾತ್ರಿ ಕಾವಲಿರುವವರಿಗೆ, ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಬ್ಯಾರನ್‌ಗೆ ಹಗಲಿರುಳು ಸೌದೆ ಹಾಕುತ್ತ ಎಚ್ಚರವಿರುವವರಿಗೆ, ವಿದ್ಯುತ್ ಹೋದರೂ ಪುಸ್ತಕ ಮುಚ್ಚಲಾಗದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಇದು ಅನುಕೂಲವಾದ ವಸ್ತು. ಬೆಲೆ ಮಾತ್ರ ಕಡಿಮೆಯಲ್ಲ. ಆದ್ದರಿಂದಲೇ ಅದು ಒಂದು ಸಂಜೆ ಚಾರ್ಜ್ ಆಗದೆ ನಿಂತುಬಿಟ್ಟರೆ ಮನೆಮಂದಿಗೆಲ್ಲ ಗಾಬರಿ. ಪೆಟ್ಟಿಗೆ ಕೆಟ್ಟಿತು ಎಂದು ಅದನ್ನು ಹೊತ್ತು ಪೇಟೆಗೆ ಹೋಗುತ್ತಾರೆ. ಪೇಟೆಯ ಅಂಗಡಿಯಲ್ಲಿ ಸಿಕ್ಕಿಸಿದರೆ ಅದು ಚೆನ್ನಾಗಿಯೇ ಚಾರ್ಜ್ ಆಗುತ್ತದೆ!

ಇದರಲ್ಲಿ ಮಾಯೆಯೇನೂ ಇಲ್ಲ. ಎರಡು ಕಡೆಯ ವೋಲ್ಟೇಜ್ ಬೇರೆ, ಅಷ್ಟೆ. ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ.

ಹಿಂದೆ ಪ್ರತಿ ಮನೆಯಲ್ಲೂ ಒಂದು ವೋಲ್ಟ್ ಮೀಟರ್ ಇರುತ್ತಿತ್ತು. ಅದರ ಹೆಸರು ತಂತು ದೀಪ, ಅಂದರೆ ಹಳೆಯ ಹಳದಿ ಬಲ್ಬು. ವೋಲ್ಟೇಜ್ 230ರಿಂದ 160ಕ್ಕೆ ಇಳಿದರೆ, ತಂತುವಿನ ರೋಧ ಬದಲಾಗದೆಂದು ಭಾವಿಸಿದರೂ, ಅದು ಎಳೆಯುವ ವಿದ್ಯುತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದೀಪ ಕೆಂಪಗೆ ಮಂಕಾಗುತ್ತಿತ್ತು, ‘ವೋಲ್ಟೇಜ್ ಇಲ್ಲ’ ಎಂದು ಅಜ್ಜಿಯೂ ಹೇಳುತ್ತಿದ್ದರು. ಇಂದಿನ ಎಲ್‌ಇಡಿ ದೀಪದೊಳಗೆ ಪುಟ್ಟ ನಿಯಂತ್ರಕವಿದೆ. ಬಹುಪಾಲು ದೀಪಗಳಲ್ಲಿ ಅದು ವೋಲ್ಟೇಜ್ ಸಾಕಷ್ಟು ಇಳಿದರೂ ಬೆಳಕನ್ನು ಹಾಗೆಯೇ ಹಿಡಿದಿಡುತ್ತದೆ. ಹೀಗಾಗಿ ‘ಲೈಟು ಚೆನ್ನಾಗಿಯೇ ಉರಿಯುತ್ತಿದೆ, ಪೆಟ್ಟಿಗೆ ಮಾತ್ರ ಚಾರ್ಜ್ ಆಗುತ್ತಿಲ್ಲ’ ಎಂಬ ದೂರು ಹುಟ್ಟುತ್ತದೆ. ಫ್ಯಾನಿನ ಕಡೆ ನೋಡಿ. ಅದು ಸೋಮಾರಿಯಾಗಿ ತಿರುಗುತ್ತಿದ್ದರೆ ಉತ್ತರ ಅರ್ಧ ಸಿಕ್ಕಂತೆ.

ಉಳಿದರ್ಧಕ್ಕೆ ಓಮನ ನಿಯಮ ಬೇಕು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವಿಭವಾಂತರ. ತರಗತಿಯಲ್ಲಿ ನಾವು ಈ ಸೂತ್ರವನ್ನು ಒಂದು ರೋಧಕ, ಒಂದು ಶುಷ್ಕಕೋಶ ಇಟ್ಟು ಕಲಿಯುತ್ತೇವೆ, ತಂತಿಗೆ ರೋಧವೇ ಇಲ್ಲವೆಂದು ಭಾವಿಸುತ್ತೇವೆ. ಹಳ್ಳಿಯ ಕೊನೆಯ ಮನೆಯಲ್ಲಿ ಆ ಭಾವನೆ ನಡೆಯುವುದಿಲ್ಲ. ಕಂಬಗಳ ಮೇಲಿನ ಅಲ್ಯೂಮಿನಿಯಂ ತಂತಿಗಳಿಗೆ ಎಂಜಿನಿಯರುಗಳು ಪ್ರಾಣಿಗಳ ಹೆಸರಿಟ್ಟಿದ್ದಾರೆ: ಸ್ಕ್ವಿರಲ್, ವೀಸಲ್, ರ್ಯಾಬಿಟ್. (ನಾಗರಹೊಳೆಯ ಅಂಚಿನಲ್ಲಿ ಅಳಿಲು, ಮೊಲಗಳು ತಂತಿಯಾಗಿಯೂ ಓಡಾಡುತ್ತವೆ ಎನ್ನಿ.) ಇವುಗಳಲ್ಲಿ ತೆಳ್ಳನೆಯವುಗಳ ರೋಧ ಕಿಲೋಮೀಟರಿಗೆ ಹೆಚ್ಚುಕಡಿಮೆ 1 ಓಮ್. ಪರಿವರ್ತಕದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಹೋಗುವ ದಾರಿ, ಬರುವ ದಾರಿ ಸೇರಿ 1 ಕಿಲೋಮೀಟರ್, ಅಂದರೆ 1 ಓಮ್. ಸಂಜೆ ಆ ತಂತಿಯ ತುದಿಯಲ್ಲಿ ಎಲ್ಲರ ಬಳಕೆ ಸೇರಿ 40 ಆಂಪಿಯರ್ ಹರಿದರೆ 40 ವೋಲ್ಟ್ ದಾರಿಯಲ್ಲೇ ಖರ್ಚು. 230 ಹೊರಟಿತು, ಮನೆಗೆ ಬಂದದ್ದು 190.

ರಾಜ್ಯದ ನಿರಂತರ ಜ್ಯೋತಿ ಯೋಜನೆಯಲ್ಲಿ ಊರ ಮನೆಗಳ ಮಾರ್ಗವನ್ನು ಪಂಪ್‌ಸೆಟ್ಟುಗಳ ಮಾರ್ಗದಿಂದ ಬೇರ್ಪಡಿಸುವ ಕೆಲಸ ನಡೆಯಿತು. ಊರಿಗೆ ಅದರಿಂದ ಅನುಕೂಲವಾಯಿತು. ಆದರೆ ಹೊಲದ ನಡುವೆ ಇರುವ ತೋಟದ ಮನೆ ಸಾಮಾನ್ಯವಾಗಿ ಪಂಪ್‌ಸೆಟ್ಟಿನ ಮಾರ್ಗದಲ್ಲೇ ಉಳಿಯುತ್ತದೆ. ರಾತ್ರಿ ಸಿಂಗಲ್ ಫೇಸ್ ಕೊಟ್ಟಾಗ ಕೆಲವರು ಕೆಪಾಸಿಟರ್ ಜೋಡಿಸಿ ಮೂರು ಫೇಸಿನ ಮೋಟಾರನ್ನೇ ಓಡಿಸುತ್ತಾರೆ. ಇದರಿಂದ ಮೋಟಾರಿಗೂ ಹಾನಿ, ಅದೇ ತಂತಿಯಲ್ಲಿರುವ ಅಕ್ಕಪಕ್ಕದವರಿಗೂ ಹಾನಿ. ನೀರು ಎಷ್ಟೇ ಅವಶ್ಯವಿದ್ದರೂ ಇದನ್ನು ನಾನು ಒಪ್ಪಲಾರೆ.

ಈಗ ನಮ್ಮ ಪೆಟ್ಟಿಗೆಗೆ ಬರೋಣ. ಅದು ಹಳೆಯ ಬಲ್ಬಿನಂತಲ್ಲ. ವೋಲ್ಟೇಜ್ ಕಡಿಮೆಯಾದಾಗ ಬಲ್ಬು ಕಡಿಮೆ ಪ್ರವಾಹ ಎಳೆದು ಸುಮ್ಮನಾಗುತ್ತದೆ. ಪೆಟ್ಟಿಗೆಯ ಚಾರ್ಜರಿಗೆ ‘1000 ವ್ಯಾಟ್ ತುಂಬು’ ಎಂದು ಹೇಳಿದ್ದರೆ, ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಪ್ರವಾಹ ಎಳೆದು 1000 ವ್ಯಾಟನ್ನು ಪೂರೈಸಲು ನೋಡುತ್ತದೆ. ಹೆಚ್ಚು ಪ್ರವಾಹ ಹರಿದಾಗ ತಂತಿಯಲ್ಲಿ ಹೆಚ್ಚು ವೋಲ್ಟ್ ಸೋರುತ್ತದೆ. ಹೆಚ್ಚು ಸೋರಿದಾಗ ಇನ್ನಷ್ಟು ಎಳೆಯುತ್ತದೆ.

ಒಂದು ಲೆಕ್ಕ ಮಾಡಿ. ತೋಟದ ಮನೆಯ ಸಾಕೆಟ್ಟಿನಲ್ಲಿ 190 ವೋಲ್ಟ್ ಇದೆ. ಅಲ್ಲಿಂದ 100 ಮೀಟರ್ ದೂರದ ಕಾವಲು ಗುಡಿಸಲಿಗೆ 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು ಎಳೆದಿದ್ದಾರೆ. ಇಂಥ ವೈರಿನ ರೋಧ ಮೀಟರಿಗೆ ಸುಮಾರು 0.017 ಓಮ್. ಹೋಗಿ ಬರುವ 200 ಮೀಟರಿಗೆ 3.4 ಓಮ್. ಪೆಟ್ಟಿಗೆ 1000 ವ್ಯಾಟ್ ಎಳೆಯಲಿ. ಅದರ ಬಳಿ ಉಳಿಯುವ ವೋಲ್ಟೇಜನ್ನು ವಿ ಎಂದು ಕರೆದರೆ, 190ರಿಂದ 3.4 ಗುಣಿಸು 1000 ಭಾಗಿಸು ವಿ ಎಂಬುದನ್ನು ಕಳೆದಾಗ ವಿ ಬರಬೇಕು. ಇದು ವರ್ಗ ಸಮೀಕರಣ. ಬಿಡಿಸಿದರೆ ವಿ 170 ಎಂದು ಬರುತ್ತದೆ. ಪ್ರವಾಹ 5.9 ಆಂಪಿಯರ್, ಸೋರಿದ್ದು 20 ವೋಲ್ಟ್, ವೈರನ್ನು ಬಿಸಿ ಮಾಡಲು ಹೋದದ್ದು ಸುಮಾರು 118 ವ್ಯಾಟ್.

ಪೆಟ್ಟಿಗೆಯ ಚಾರ್ಜರಿಗೆ ಒಂದು ಕೆಳಮಿತಿ ಇರುತ್ತದೆ. ಅದು ತಯಾರಕರಿಂದ ತಯಾರಕರಿಗೆ ಬೇರೆ. ನಮ್ಮದರ ಮಿತಿ 180 ಎಂದು ಇಟ್ಟುಕೊಳ್ಳೋಣ. ವೋಲ್ಟೇಜ್ 170ಕ್ಕೆ ಇಳಿಯುವ ಮೊದಲೇ ಅದು ಚಾರ್ಜಿಂಗ್ ನಿಲ್ಲಿಸುತ್ತದೆ. ನಿಲ್ಲಿಸಿದ ಕೂಡಲೇ ಪ್ರವಾಹ ಸೊನ್ನೆ, ಸೋರಿಕೆಯೂ ಸೊನ್ನೆ, ವೋಲ್ಟೇಜ್ ಮತ್ತೆ 190. ಪೆಟ್ಟಿಗೆ ‘ಸರಿಯಾಯಿತು’ ಎಂದು ಪುನಃ ಶುರುಮಾಡುತ್ತದೆ, ಪುನಃ ನಿಲ್ಲಿಸುತ್ತದೆ. ಒಳಗಿನಿಂದ ಟಿಕ್ ಟಿಕ್ ಎಂಬ ರಿಲೇ ಸದ್ದು, ಫಲಕದ ಮೇಲೆ ಅಂಕಿ ಏರಿ ಇಳಿಯುವುದು, ಗಂಟೆ ಕಳೆದರೂ ಶೇಕಡ 1ರಷ್ಟೂ ತುಂಬದಿರುವುದು, ಈ ಕಾಯಿಲೆಯ ಲಕ್ಷಣ ಇಷ್ಟು. ಈ ಹಂತದಲ್ಲಿ ಯಾರೋ ತಿಳಿದವರು ಬಂದು ಪೆಟ್ಟಿಗೆಯ ಪ್ಲಗ್ ಕಿತ್ತು, ಸಾಕೆಟ್ಟಿಗೆ ಮೀಟರ್ ಹಿಡಿದು, ‘190 ಇದೆಯಲ್ಲ, ತೊಂದರೆ ನಿಮ್ಮ ಪೆಟ್ಟಿಗೆಯದೇ’ ಎಂದು ತೀರ್ಪು ಕೊಡುತ್ತಾರೆ. ಹೊರೆ ಇಲ್ಲದಾಗ ಅಳೆದ ವೋಲ್ಟೇಜ್ ಅದು. ತಂತಿಯಲ್ಲಿ ಪ್ರವಾಹವೇ ಇಲ್ಲದಾಗ ಎಷ್ಟು ತೆಳ್ಳಗಿನ ತಂತಿಯೂ ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಅಳತೆಯನ್ನು ಪೆಟ್ಟಿಗೆ ಎಳೆಯುತ್ತಿರುವಾಗಲೇ ಮಾಡಬೇಕು.

ಪರಿಹಾರ ಏನು? ಹಲವು ಪೆಟ್ಟಿಗೆಗಳಲ್ಲಿ ಚಾರ್ಜಿಂಗ್ ವೇಗವನ್ನು ಇಳಿಸುವ ಗುಂಡಿಯೋ ಆಯ್ಕೆಯೋ ಇರುತ್ತದೆ. ಅದನ್ನು 300 ವ್ಯಾಟ್‌ಗೆ ಇಡಿ, ಸಮೀಕರಣವನ್ನು ಮತ್ತೆ ಬಿಡಿಸಿ. ವಿ ಈಗ 184ಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಸೋರಿಕೆ ಐದೂವರೆ ವೋಲ್ಟ್, ವೈರಿನಲ್ಲಿ ವ್ಯರ್ಥವಾದದ್ದು ಸುಮಾರು 9 ವ್ಯಾಟ್. ಕೆಳಮಿತಿಯ ಮೇಲೆಯೇ ಇರುವುದರಿಂದ ಪೆಟ್ಟಿಗೆ ನಿಲ್ಲದೆ ತುಂಬಿಕೊಳ್ಳುತ್ತದೆ. 1000 ವ್ಯಾಟ್‌ನಲ್ಲಿ ಎಂದೂ ತುಂಬದಿದ್ದ ಪೆಟ್ಟಿಗೆ 300 ವ್ಯಾಟ್‌ನಲ್ಲಿ ನಾಲ್ಕು ಗಂಟೆಯ ಸುಮಾರಿಗೆ ತುಂಬಿತು! ವೇಗ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಇಳಿಯಿತು, ನಷ್ಟ ಹದಿಮೂರು ಪಟ್ಟು ಇಳಿಯಿತು ಎಂಬುದನ್ನೂ ಗಮನಿಸಿ. ನಷ್ಟ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ.

ಇದೇ ಲೆಕ್ಕ ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯ ಮೊದಲ ಪುಟದಲ್ಲಿದೆ. ಬೀಚನಹಳ್ಳಿಯಿಂದ ಹೊರಟ ಕಬಿನಿ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ ಶಿವನಸಮುದ್ರಕ್ಕೆ ಹೋಗುತ್ತದಷ್ಟೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದರು. ದೂರ 92 ಮೈಲಿ. ಅಷ್ಟು ದೂರ 230 ವೋಲ್ಟ್‌ನಲ್ಲಿ ಕಳುಹಿಸಿದ್ದರೆ ಗಣಿಗೆ ಏನೂ ತಲುಪುತ್ತಿರಲಿಲ್ಲ. 30 ಸಾವಿರ ವೋಲ್ಟ್‌ನ ಆಸುಪಾಸಿಗೆ ಏರಿಸಿ, ಪ್ರವಾಹವನ್ನು ಕುಗ್ಗಿಸಿ ಕಳುಹಿಸಿದ್ದರಿಂದಲೇ ಅದು ಸಾಧ್ಯವಾಯಿತು. ಗುಡಿಸಲಿನಲ್ಲಿ ನಾವು ವೋಲ್ಟೇಜನ್ನು ಏರಿಸಲಾರೆವು. ಪ್ರವಾಹವನ್ನು ಕುಗ್ಗಿಸಬಲ್ಲೆವು.

‘ಸ್ಟೆಬಿಲೈಸರ್ ಹಾಕಿದರೆ ಆಗದೇ?’ ಎಂದು ಕೇಳುತ್ತೀರಿ. ಒಂದು ಮನೆಯ ಮಟ್ಟಿಗೆ ಆಗುತ್ತದೆ. ಆದರೆ ಅದು ವಿದ್ಯುತ್ತನ್ನು ಸೃಷ್ಟಿಸುವುದಿಲ್ಲ. ಈಚೆ ವೋಲ್ಟೇಜ್ ಏರಿಸಲು ಆಚೆಯಿಂದ ಹೆಚ್ಚು ಪ್ರವಾಹ ಎಳೆಯುತ್ತದೆ. ಒಂದು ಬೀದಿಯಲ್ಲಿ ಎಲ್ಲರೂ ಅದನ್ನೇ ಇಟ್ಟುಕೊಂಡರೆ ಬೀದಿಯ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಅದಕ್ಕಿಂತ ದಪ್ಪ ವೈರು ಮೇಲು, ರಾತ್ರಿ ಹತ್ತರ ಮೇಲೆ ಅಥವಾ ಮಧ್ಯಾಹ್ನ ಚಾರ್ಜ್ ಮಾಡುವುದು ಇನ್ನೂ ಮೇಲು. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಇದ್ದರೆ ಶಾಖ ಹೊರಹೋಗದೆ ಹೊದಿಕೆ ಕರಗಬಹುದು. ಪ್ಲಗ್ ಮುಟ್ಟಿದರೆ ಬಿಸಿಯೆನಿಸಿದಲ್ಲಿ ಅಲ್ಲಿ ಸಡಿಲ ಸಂಪರ್ಕವಿದೆ, ವೋಲ್ಟ್ ಅಲ್ಲೇ ಸೋರುತ್ತಿದೆ.

ಒಂದು ಎಚ್ಚರಿಕೆ. ಸಾಕೆಟ್ಟಿನೊಳಗೆ ಮಲ್ಟಿಮೀಟರಿನ ಕಡ್ಡಿ ತೂರಿಸುವುದು ವಿದ್ಯಾರ್ಥಿಗಳ ಕೆಲಸವಲ್ಲ. ಪ್ಲಗ್ಗಿನಂತೆ ಸಿಕ್ಕಿಸುವ ಅಂಕಿ ತೋರಿಸುವ ವೋಲ್ಟ್ ಮೀಟರುಗಳು ಸಿಗುತ್ತವೆ, ಅದನ್ನು ಬಳಸಿ. ಅನೇಕ ಪೆಟ್ಟಿಗೆಗಳ ಫಲಕವೇ ಒಳಬರುವ ವ್ಯಾಟ್, ಕೆಲವದರಲ್ಲಿ ವೋಲ್ಟ್ ಕೂಡ ತೋರಿಸುತ್ತದೆ. ಮೀಟರಿನಲ್ಲಿ 230ಕ್ಕಿಂತ ಬಹಳ ಹೆಚ್ಚು ಕಂಡರೆ, ಅಥವಾ ನಿಮ್ಮ ಮನೆಯಲ್ಲಿ 150, ಎದುರು ಮನೆಯಲ್ಲಿ 280 ಎಂಬಂತೆ ಇದ್ದರೆ ಎಲ್ಲ ಪ್ಲಗ್‌ಗಳನ್ನೂ ಕಿತ್ತುಬಿಡಿ. ಕಂಬದ ಮೇಲೆ ನ್ಯೂಟ್ರಲ್ ತಂತಿ ಕಳಚಿರುವ ಲಕ್ಷಣ ಅದು. ಅದಕ್ಕೆ ಲೈನ್‌ಮನ್ನರೇ ಬರಬೇಕು. ಇನ್ನೊಂದು: ಅಮೆರಿಕದಿಂದ ನೆಂಟರು ತಂದುಕೊಟ್ಟ ಪೆಟ್ಟಿಗೆಯಾದರೆ ಮೊದಲು ಅದರ ಬೆನ್ನಿನ ಚೀಟಿ ಓದಿ. 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ ಗೋಡೆಗೆ ಸಿಕ್ಕಿಸಬಾರದು.

ಗೋಡೆಯ ಸಹವಾಸವೇ ಬೇಡವೆಂದು ಸೌರ ಫಲಕಕ್ಕೆ ಹೋದವರಿಗೂ ಇದೇ ಕಥೆ, ಇನ್ನೂ ತೀವ್ರವಾಗಿ. ಏಕೆಂದರೆ ಅಲ್ಲಿ 230ರಲ್ಲಿ 5 ಹೋಗುವುದಲ್ಲ, 18ರಲ್ಲಿ 5 ಹೋಗುವುದು.

12 ವೋಲ್ಟ್‌ನದೆಂದು ಕರೆಯುವ 150 ವ್ಯಾಟ್‌ನ ಒಂದು ಫಲಕ ತೆಗೆದುಕೊಳ್ಳಿ. ಅದರಲ್ಲಿ 36 ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಏನನ್ನೂ ಜೋಡಿಸದೆ ಅಳೆದರೆ 21–22 ವೋಲ್ಟ್. ಪೂರ್ಣ ಶಕ್ತಿ ಕೊಡುವಾಗ ಸುಮಾರು 18 ವೋಲ್ಟ್, 8 ಆಂಪಿಯರ್. ಆದರೆ ಈ ಅಂಕಿಗಳು 25 ಡಿಗ್ರಿ ಉಷ್ಣತೆಗೆ ಕೊಟ್ಟವು. ಏಪ್ರಿಲ್ ಮಧ್ಯಾಹ್ನ ಹೆಂಚಿನ ಮೇಲೆ ಮಲಗಿಸಿದ ಫಲಕ 65 ಡಿಗ್ರಿ ಮುಟ್ಟುವುದು ಸಾಮಾನ್ಯ. ಪ್ರತಿ ಡಿಗ್ರಿಗೆ ವೋಲ್ಟೇಜ್ ಶೇಕಡ 0.35ರಷ್ಟು ಇಳಿಯುತ್ತದೆ ಎಂದು ಹಿಡಿದರೆ 18 ಎಂಬುದು ಹದಿನೈದೂವರೆ ಆಯಿತು. ಫಲಕದಿಂದ ಮನೆಯೊಳಗಿನ ಪೆಟ್ಟಿಗೆಗೆ 20 ಮೀಟರ್, ಅದೇ 1 ಚದರ ಮಿಲಿಮೀಟರ್ ವೈರು. ಹೋಗಿ ಬಂದು 0.68 ಓಮ್, 8 ಆಂಪಿಯರಿಗೆ ಸುಮಾರು ಐದೂವರೆ ವೋಲ್ಟ್ ಸೋರಿಕೆ. ಉಳಿದದ್ದು 10. ಪೆಟ್ಟಿಗೆಯ ಸೌರ ಪ್ರವೇಶದ ಕೆಳಮಿತಿ 12 ಆಗಿದ್ದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಒಳಗಿರುವ ಎಂಪಿಪಿಟಿ ಎಂಬ ನಿಯಂತ್ರಕ ಕಡಿಮೆ ಪ್ರವಾಹ ಎಳೆದು ಹೇಗೋ ಹೊಂದಿಸಿಕೊಳ್ಳಲು ನೋಡುತ್ತದೆ. ಹೊಂದಿಸಿಕೊಂಡರೂ 150 ವ್ಯಾಟ್‌ನ ಫಲಕದಿಂದ ಅದರ ಒಂದು ಭಾಗ ಮಾತ್ರ ಬಂದೀತು.

ವೈರನ್ನು 4 ಚದರ ಮಿಲಿಮೀಟರಿಗೆ ಬದಲಿಸಿದರೆ ಸೋರಿಕೆ 1.4 ವೋಲ್ಟ್. ಎರಡು ಫಲಕಗಳಿದ್ದರೆ ಸರಣಿಯಲ್ಲಿ ಜೋಡಿಸಿ. ಪ್ರವಾಹ 8 ಆಂಪಿಯರಿನಲ್ಲೇ ಉಳಿದು ವೋಲ್ಟೇಜ್ ಎರಡರಷ್ಟಾಗುತ್ತದೆ. ಸಮಾಂತರವಾಗಿ ಜೋಡಿಸಿದರೆ ಪ್ರವಾಹ 16 ಆಗಿ ಸೋರಿಕೆಯೂ ಇಮ್ಮಡಿಯಾಗುತ್ತದೆ. ಆದರೆ ಸರಣಿಗೆ ಮೊದಲು ಪೆಟ್ಟಿಗೆಯ ಮೇಲ್ಮಿತಿಯನ್ನು ನೋಡಲೇಬೇಕು. ಎರಡು ಫಲಕಗಳ ತೆರೆದ ವೋಲ್ಟೇಜ್ 44, ಡಿಸೆಂಬರಿನ ತಣ್ಣನೆಯ ಮುಂಜಾನೆ ಇನ್ನೂ ಸ್ವಲ್ಪ ಹೆಚ್ಚು. ಮಿತಿ 30 ಇರುವ ಪೆಟ್ಟಿಗೆಗೆ ಅದನ್ನು ಕೊಟ್ಟರೆ ಒಳಗಿನ ಮಂಡಲ ಸುಟ್ಟುಹೋಗುತ್ತದೆ. ಕೆಳಮಿತಿ ತಪ್ಪಿದರೆ ಚಾರ್ಜ್ ಆಗುವುದಿಲ್ಲ ಅಷ್ಟೆ. ಮೇಲ್ಮಿತಿ ತಪ್ಪಿದರೆ ಪೆಟ್ಟಿಗೆಯೇ ಉಳಿಯುವುದಿಲ್ಲ.

ನೆರಳಿನ ವಿಷಯ. ಇಂಥ ಫಲಕದಲ್ಲಿ ಸಾಮಾನ್ಯವಾಗಿ 18 ಕೋಶಗಳ ಎರಡು ಗುಂಪುಗಳಿಗೆ ಒಂದೊಂದು ಬೈಪಾಸ್ ಡಯೋಡ್ ಇರುತ್ತದೆ. ಒಂದು ತೇಗದ ಎಲೆ ಒಂದೇ ಕೋಶವನ್ನು ಮುಚ್ಚಿದರೂ ಆ ಗುಂಪು ಪೂರ್ತಿ ಹೊರಗುಳಿದು 18 ವೋಲ್ಟ್ 9ರ ಹತ್ತಿರಕ್ಕೆ ಬೀಳಬಹುದು. ಮೋಡದ ದಿನ ಇದಕ್ಕೆ ತಿರುಗುಮುರುಗು: ತೆರೆದ ವೋಲ್ಟೇಜ್ 20 ಎಂದೇ ತೋರಿಸುತ್ತದೆ, ಆದರೆ ಪ್ರವಾಹವಿಲ್ಲ. ಇಲ್ಲಿಯೂ ಹೊರೆಯಿಲ್ಲದ ಅಳತೆಯೇ ಮೋಸ ಮಾಡುತ್ತದೆ.

ಜೀಪಿನ ಅಥವಾ ಕಾರಿನ 12 ವೋಲ್ಟ್ ಸಾಕೆಟ್ಟಿನ ವಿಷಯ ಬೇಗ ಮುಗಿಸೋಣ. ಎಂಜಿನ್ ನಿಂತಿರುವಾಗ ಬ್ಯಾಟರಿ 12.6 ವೋಲ್ಟ್, ಓಡುವಾಗ 14ರ ಸುಮಾರು. 100 ವ್ಯಾಟ್ ಎಳೆದರೆ 8 ಆಂಪಿಯರ್. ಸಾಕೆಟ್ಟಿನ ತೆಳುವೈರಿನಲ್ಲಿ 1 ವೋಲ್ಟ್ ಹೋದರೆ ನಿಂತ ವಾಹನದಲ್ಲಿ ಕೆಳಮಿತಿ ತಪ್ಪುತ್ತದೆ, ಓಡುವ ವಾಹನದಲ್ಲಿ ತಪ್ಪುವುದಿಲ್ಲ. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ನಾವು ಪೆಟ್ಟಿಗೆಯನ್ನು ದಾರಿಯಲ್ಲೇ ತುಂಬಿಕೊಳ್ಳುವುದು ಇದಕ್ಕಾಗಿ.

ಇಷ್ಟೆಲ್ಲ ಸರಿಯಿದ್ದೂ ಚಾರ್ಜ್ ಆಗದಿದ್ದರೆ ಆಗ ಪೆಟ್ಟಿಗೆಯ ಕಡೆ ತಿರುಗಬೇಕು. ಮೊದಲು ಅದನ್ನು ಮುಟ್ಟಿ ನೋಡಿ. ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು 45 ಡಿಗ್ರಿಗಿಂತ ಬಿಸಿಯಾದಾಗ ಬಿಎಂಎಸ್ ಸಾಮಾನ್ಯವಾಗಿ ಚಾರ್ಜಿಂಗ್ ತಡೆಯುತ್ತದೆ. ತಗಡಿನ ಸೂರಿನ ಕೆಳಗೆ ಇದು ಕಷ್ಟದ ಮಾತಲ್ಲ. ನೆರಳಿಗೆ ಒಯ್ದು ಒಂದು ಗಂಟೆ ಬಿಡಿ. ಎರಡನೆಯದು, ತಿಂಗಳುಗಟ್ಟಲೆ ಖಾಲಿಯಾಗಿ ಮೂಲೆಯಲ್ಲಿಟ್ಟ ಪೆಟ್ಟಿಗೆ. ಒಂದು ಕೋಶದ ಸಾಮಾನ್ಯ ವೋಲ್ಟೇಜ್ 3.2. ಅದು 2.5ಕ್ಕೆ ಬಂದಾಗ ಬಿಎಂಎಸ್ ಹೊರಹರಿವನ್ನು ನಿಲ್ಲಿಸುತ್ತದೆ, ಆದರೆ ಬಿಎಂಎಸ್ಸಿಗೇ ಬೇಕಾದ ಹನಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಬಹಳ ಕೆಳಗಿಳಿದ ಕೋಶವನ್ನು ಬಲವಂತವಾಗಿ ತುಂಬುವುದು ಅಪಾಯಕರ. ಅರ್ಧ ತುಂಬಿಸಿ ಇಡುವುದು, ಮೂರು ತಿಂಗಳಿಗೊಮ್ಮೆ ನೋಡುವುದು ಇದಕ್ಕೆ ಮದ್ದು. ಹೊಟ್ಟೆ ಉಬ್ಬಿದ, ವಾಸನೆ ಬರುವ ಪೆಟ್ಟಿಗೆಯನ್ನು ಚಾರ್ಜ್‌ಗೆ ಹಾಕಬೇಡಿ. ಯಾವ ಪೆಟ್ಟಿಗೆಯನ್ನೂ ಬಿಚ್ಚಬೇಡಿ.

ಮನೆಯಲ್ಲಿ ಹಳೆಯ ಬಗೆಯ ಇನ್ವರ್ಟರ್, ಸೀಸ–ಆಮ್ಲದ ಬ್ಯಾಟರಿ ಇರುವವರೇ ನಮ್ಮಲ್ಲಿ ಹೆಚ್ಚು. ಅವರಿಗೂ ಒಂದು ಮಾತು. ಅನೇಕ ಇನ್ವರ್ಟರುಗಳ ಬೆನ್ನಿನಲ್ಲಿ ಒಂದು ಸ್ವಿಚ್ ಇರುತ್ತದೆ. ಒಂದು ಕಡೆಗಿಟ್ಟರೆ ಸುಮಾರು 180ರಿಂದ 260 ವೋಲ್ಟ್, ಇನ್ನೊಂದು ಕಡೆಗಿಟ್ಟರೆ ಸುಮಾರು 100ರಿಂದ 290 ವೋಲ್ಟ್ ತನಕ ಲೈನನ್ನು ಒಪ್ಪುತ್ತದೆ. ಮೊದಲನೆಯ ಸ್ಥಾನ ಕಂಪ್ಯೂಟರಿಗೆ. ಕೊರತೆಯ ಊರಿನಲ್ಲಿ ಅದೇ ಸ್ಥಾನದಲ್ಲಿದ್ದರೆ ಸಂಜೆ 175 ವೋಲ್ಟ್ ಇರುವಾಗ ಇನ್ವರ್ಟರ್ ವಿದ್ಯುತ್ತೇ ಹೋಯಿತೆಂದು ತಿಳಿದು ಬ್ಯಾಟರಿಯನ್ನು ಖಾಲಿ ಮಾಡುತ್ತದೆ. ತುಂಬಬೇಕಾದ ಹೊತ್ತಿನಲ್ಲಿ ಬರಿದಾಗುವ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ‘ಬ್ಯಾಟರಿ ಒಂದೇ ವರ್ಷಕ್ಕೆ ಹೋಯಿತು’ ಎಂಬ ಎಷ್ಟೋ ಪ್ರಕರಣಗಳಲ್ಲಿ ಬ್ಯಾಟರಿಯ ತಪ್ಪಿರುವುದಿಲ್ಲ.

ಕೊನೆಯದಾಗಿ, ತೊಂದರೆ ನಿಮ್ಮ ವೈರಿನದಲ್ಲ, ಕಂಬದ್ದೇ ಎಂದು ಖಚಿತವಾದರೆ ಏನು ಮಾಡಬೇಕು? 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಮನೆ ಬಳಕೆಯ ವೋಲ್ಟೇಜ್ ಘೋಷಿತ ಮಟ್ಟದಿಂದ ಶೇಕಡ 6ಕ್ಕಿಂತ ಆಚೀಚೆ ಹೋಗಬಾರದೆಂಬ ಮಿತಿ ಇತ್ತು. 230ಕ್ಕೆ ಈ ಲೆಕ್ಕ ಹಾಕಿದರೆ 216ರಿಂದ 244. ‘ವೋಲ್ಟೇಜ್ ಸರಿಯಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದು ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆದಿಡಿ: ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 7, ರಾತ್ರಿ 10, ಪ್ರತಿ ಬಾರಿಯೂ ಫ್ಯಾನು, ದೀಪ ಹಾಕಿರುವಾಗಿನ ವೋಲ್ಟ್. ಪರಿವರ್ತಕದ ಹತ್ತಿರದ ಮನೆಯ ಸಹಪಾಠಿಯೊಬ್ಬರು ಅದೇ ಹೊತ್ತಿಗೆ ತಮ್ಮ ಮನೆಯ ಅಂಕಿ ಬರೆಯಲಿ. ಇಬ್ಬರ ಮನೆಯಲ್ಲೂ ಒಂದೇ ಸಮ ಕಡಿಮೆ ಇದ್ದರೆ ಕೊರತೆ ಪರಿವರ್ತಕದಲ್ಲೋ ಅದರ ಹಿಂದಿನ 11 ಸಾವಿರ ವೋಲ್ಟ್‌ನ ಮಾರ್ಗದಲ್ಲೋ ಇದೆ. ನಿಮ್ಮಲ್ಲಿ ಮಾತ್ರ ಕಡಿಮೆ ಇದ್ದರೆ ನಡುವಣ ತಂತಿಯಲ್ಲಿ. ಮೈಸೂರು ಜಿಲ್ಲೆಯಲ್ಲಿ ವಿತರಣೆ ನೋಡಿಕೊಳ್ಳುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ದೂರಿನ ದೂರವಾಣಿ ಸಂಖ್ಯೆ 1912. ದೂರು ಕೊಟ್ಟ ಮೇಲೆ ಅದರ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಶಾಖಾ ಕಚೇರಿಗೆ ಹೋಗುವಾಗ ಮನೆಯ ಹಿರಿಯರೊಬ್ಬರ ಜೊತೆ ಆ ಎರಡೂ ಪಟ್ಟಿಗಳನ್ನು ತೆಗೆದುಕೊಂಡು ಹೋಗಿ. ಒಂದು ಫೇಸಿನ ಮೇಲೆ ಬಿದ್ದಿರುವ ಹೊರೆಯನ್ನು ಮೂರಕ್ಕೂ ಹಂಚಬೇಕೋ, ತಂತಿ ಬದಲಿಸಬೇಕೋ, ಊರ ಕೊನೆಗೆ ಇನ್ನೊಂದು ಪರಿವರ್ತಕ ಬೇಕೋ ಎಂಬುದನ್ನು ಎಂಜಿನಿಯರು ಆ ಅಂಕಿಗಳಿಂದಲೇ ಊಹಿಸಬಲ್ಲರು.